ಕಣ್ಣೆದುರೇ ಕಳ್ಳತನ ನಡೆದರೆ: ನೋಡಿದವರು ಏನು ಮಾಡಬೇಕು?

ಬಸ್ಸಿನಲ್ಲಿ ನಿಂತಿದ್ದೀರಿ. ಮುಂದಿರುವ ಹೆಂಗಸಿನ ಬ್ಯಾಗಿನ ಜಿಪ್ ಮೇಲೆ ಬೇರೆ ಯಾರದೋ ಕೈ ಕಾಣಿಸುತ್ತದೆ. ಕೂಗಬೇಕಾ? ಕೈ ಹಿಡಿಯಬೇಕಾ? ನನಗ್ಯಾಕೆ ಊರ ಉಸಾಬರಿ ಅಂತ ಕಿಟಕಿ ಕಡೆ ಮುಖ ತಿರುಗಿಸಬೇಕಾ? ಯೋಚಿಸುವಷ್ಟರಲ್ಲಿ ಸ್ಟಾಪ್ ಬರುತ್ತದೆ, ಆ ಕೈಯವನು ಇಳಿದು ಹೋಗುತ್ತಾನೆ.

ಇಂಥ ಹೊತ್ತಿನಲ್ಲಿ ನಮ್ಮ ಜನ ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಒಂದೋ ಸುಮ್ಮನಿರುತ್ತಾರೆ, ಇಲ್ಲವೇ ಸಿಕ್ಕವನಿಗೆ ಎಲ್ಲರೂ ಸೇರಿ ಹೊಡೆಯುತ್ತಾರೆ. ವಸ್ತು ಕಳೆದುಕೊಂಡವರಿಗೆ ಎರಡರಿಂದಲೂ ಉಪಯೋಗವಿಲ್ಲ. ನೋಡಿದವರ ಕೈಯಲ್ಲಿ ಇದಕ್ಕಿಂತ ಬೆಲೆಬಾಳುವ ಕೆಲಸ ಇದೆ. ಆಗುತ್ತಿರುವುದನ್ನು ತಪ್ಪಿಸುವುದು, ಕಳೆದುಕೊಂಡವರ ಜೊತೆ ನಿಲ್ಲುವುದು, ಕಂಡದ್ದನ್ನು ಕಂಡಂತೆ ಹೇಳುವುದು. ಇವನ್ನು ಹೇಗೆ ಮಾಡಬೇಕು ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ನಿಜಕ್ಕೂ ಏನು ಕಂಡಿರಿ ಅಂತ ಕೇಳಿಕೊಳ್ಳಿ

ಇದಕ್ಕೆ ಎರಡು ಮೂರು ಸೆಕೆಂಡು ಸಾಕು. ಆದರೆ ಇದನ್ನು ಬಿಡಬೇಡಿ. ಕೈ ಬ್ಯಾಗಿನೊಳಗೆ ಹೋದದ್ದನ್ನು ನೋಡಿದಿರಾ, ಅಥವಾ ಆ ಮನುಷ್ಯ ಅನುಮಾನ ಬರುವ ಹಾಗೆ ಕಂಡನಾ? ಹರಕು ಬಟ್ಟೆ, ಬೇರೆ ಭಾಷೆ, ಗೊತ್ತಿಲ್ಲದ ಮುಖ, ಇವು ಯಾವುದೂ ಕಳ್ಳತನವಲ್ಲ. ಸ್ಕೂಟರ್ ಬೀಗ ಒಡೆಯುತ್ತಿರುವವನು ಕೀ ಕಳೆದುಕೊಂಡ ಮಾಲೀಕನೇ ಇರಬಹುದು.

ಕರ್ನಾಟಕದಲ್ಲಿ ಈ ಮಾತನ್ನು ಜೋರಾಗಿಯೇ ಹೇಳಬೇಕಾದ ಕಾರಣವಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್‌ಗೆ ಇದೇ ಗತಿಯಾಯಿತು. ಅವರ ಜೊತೆಗಾರರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಎರಡೂ ಕಡೆ ವಾಟ್ಸಾಪ್‌ನಲ್ಲಿ ಹರಿದಾಡಿದ ಸುಳ್ಳು ಸುದ್ದಿ ಮೊದಲೇ ಜನರ ತಲೆಗೆ ಹೊಕ್ಕಿತ್ತು.

ಹಾಗಾಗಿ ಅನುಮಾನ ಮಾತ್ರ ಇದ್ದರೆ ಯಾರ ಮೇಲೂ ಆರೋಪ ಹೊರಿಸಬೇಡಿ. ಗಮನವಿಡಿ, ಮುಂದಿನ ಹಂತದಲ್ಲಿ ಹೇಳಿದ ಹಾಗೆ ವಸ್ತುವಿನವರನ್ನು ಎಚ್ಚರಿಸಿ. ಅದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ.

ಹಂತ 2: ಕಳ್ಳನನ್ನು ಬಿಡಿ, ಮೊದಲು ವಸ್ತುವಿನವರನ್ನು ಮಾತಾಡಿಸಿ

ಕಳ್ಳತನ ಇನ್ನೂ ನಡೆಯುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. "ಕಳ್ಳ, ಕಳ್ಳ" ಅಂತ ಕೂಗಿದರೆ ಬಸ್ಸೇ ಗಲಿಬಿಲಿಯಾಗುತ್ತದೆ. ಆ ನೂಕುನುಗ್ಗಲಲ್ಲಿ ಅವನಿಗೆ ಇಳಿದು ಹೋಗಲು ಇನ್ನೂ ಸುಲಭ. ಅದರ ಬದಲು ಎಲ್ಲರಿಗೂ ಕೇಳುವ ಹಾಗೆ, ಆರಾಮಾಗಿ ಹೇಳಿ: "ಅಕ್ಕಾ, ನಿಮ್ಮ ಬ್ಯಾಗಿನ ಜಿಪ್ ತೆರೆದಿದೆ ನೋಡ್ಕೊಳ್ಳಿ." "ಅಜ್ಜಿ, ಸರದ ಮೇಲೆ ಸೆರಗು ಹಾಕ್ಕೊಳ್ಳಿ." "ಯಜಮಾನ್ರೇ, ಮೊಬೈಲ್ ಮುಂದಿನ ಜೇಬಿಗೆ ಇಟ್ಕೊಳ್ಳಿ."

ಈ ಮಾತಿನಲ್ಲಿ ಯಾರ ಮೇಲೂ ಆರೋಪವಿಲ್ಲ. ತಪ್ಪು ತಿಳಿದಿದ್ದರೂ ಯಾರಿಗೂ ನೋವಿಲ್ಲ. ಆದರೆ ಕೈ ಹಾಕಿದವನಿಗೆ ತನ್ನನ್ನು ಯಾರೋ ನೋಡುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ. ಬಹುಪಾಲು ಸಲ ಕೈ ವಾಪಸ್ ಬರುತ್ತದೆ. ಕಳ್ಳತನವೇ ಆಗಲಿಲ್ಲ, ಅಲ್ವಾ? ಇದಕ್ಕಿಂತ ಹೆಚ್ಚು ಏನು ಬೇಕು.

ಸಂತೆ, ಜಾತ್ರೆ, ಬ್ಯಾಂಕಿನ ಮುಂದೆ ನಡೆಯುವುದು ಸ್ವಲ್ಪ ಬೇರೆ ಥರ. ಪೊಲೀಸರು ಇದನ್ನು 'ಗಮನ ಬೇರೆಡೆ ಸೆಳೆದು ಕಳ್ಳತನ' ಅನ್ನುತ್ತಾರೆ. ಒಬ್ಬ ನೋಟು ಚೆಲ್ಲಿ "ನಿಮ್ಮ ದುಡ್ಡು ಬಿತ್ತು" ಅನ್ನುತ್ತಾನೆ, ಇಲ್ಲವೇ ಬಟ್ಟೆಗೆ ಗಲೀಜು ತಾಗಿಸಿ ಒರೆಸಲು ಬರುತ್ತಾನೆ. ಇನ್ನೊಬ್ಬ ಚೀಲ ಎತ್ತುತ್ತಾನೆ, ಮೂರನೆಯವನು ಅದನ್ನು ತೆಗೆದುಕೊಂಡು ಹೋಗುತ್ತಾನೆ. ಇಲ್ಲಿ ಮಾತಾಡಿಸುವವನನ್ನು ನೋಡುತ್ತಾ ನಿಲ್ಲಬೇಡಿ. ಚೀಲದ ಮೇಲೆ ಕಣ್ಣಿಡಿ. ಸಾಧ್ಯವಾದರೆ ಆ ಹಿರಿಯರ ಪಕ್ಕಕ್ಕೆ ಹೋಗಿ ಪರಿಚಯದವರ ಹಾಗೆ, "ಮಾವ, ದುಡ್ಡಿನ ಚೀಲ ಕೈಯಲ್ಲಿ ಹಿಡ್ಕೊಳ್ಳಿ" ಅನ್ನಿ.

ಬಸ್ಸಿನಲ್ಲಿ ವಸ್ತು ಆಗಲೇ ಹೋಗಿದೆ ಅಂತ ಖಚಿತವಾದರೆ, ಕಂಡಕ್ಟರ್‌ಗೆ ಹೇಳಿ. "ಸರ್, ಮುಂದಿನ ಸ್ಟಾಪಲ್ಲಿ ಬಾಗಿಲು ತೆಗೀಬೇಡಿ" ಅನ್ನುವ ಒಂದು ಮಾತು ಸಾಕು. ಬಸ್ಸನ್ನು ಹತ್ತಿರದ ಪೊಲೀಸ್ ಸ್ಟೇಷನ್‌ಗೆ ತಿರುಗಿಸುವಂತೆ ಅವರನ್ನೇ ಕೇಳಿ. ಬೇರೆ ಪ್ರಯಾಣಿಕರು ಗೊಣಗಬಹುದು, ಗೊಣಗಲಿ. ಸೀಟಿನ ಕೆಳಗೂ ಒಮ್ಮೆ ನೋಡಿಸಿ. ಸಿಕ್ಕಿಬೀಳುತ್ತೇನೆ ಅನ್ನಿಸಿದಾಗ ಕದ್ದವರು ಪರ್ಸನ್ನು ಅಲ್ಲೇ ಎಸೆದುಬಿಡುವುದು ಉಂಟು.

ಹಂತ 3: ಕೈ ಹಾಕಬಹುದಾ? ಕಾನೂನು ಹೇಳುವುದೇನು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ.

2024ರ ಜುಲೈ 1ರಿಂದ, ಅಪರಾಧ ಮತ್ತು ಶಿಕ್ಷೆಯ ಹಳೆಯ ಕಾನೂನಾದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ, ಬಂಧನ, ತನಿಖೆ, ವಿಚಾರಣೆಯ ಕ್ರಮ ಹೇಳುತ್ತಿದ್ದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್). ಹೊಸ ಕಾನೂನಿನಲ್ಲಿ ಸಾಮಾನ್ಯ ಕಳ್ಳತನ 303ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು ಆಗಬಹುದು. ಸರ, ಮೊಬೈಲ್ ಕಿತ್ತುಕೊಂಡು ಓಡುವುದಕ್ಕೆ 304 ಅಂತ ಬೇರೆಯೇ ಸೆಕ್ಷನ್ ಬಂದಿದೆ. ಹಳೆಯ ಕಾನೂನಿನಲ್ಲಿ ಇದಕ್ಕೆ ಪ್ರತ್ಯೇಕ ಸೆಕ್ಷನ್ ಇರಲಿಲ್ಲ. ವಾಸದ ಮನೆಯಿಂದಲೋ, ಪ್ರಯಾಣಿಕರನ್ನು ಒಯ್ಯುವ ವಾಹನದಿಂದಲೋ ಕದ್ದರೆ 305, ಅದಕ್ಕೆ ಏಳು ವರ್ಷದವರೆಗೆ.

ಅಪರಾಧ ನಿಮ್ಮ ಕಣ್ಣೆದುರೇ ನಡೆದರೆ ಸಾಮಾನ್ಯ ಮನುಷ್ಯನೂ ಆರೋಪಿಯನ್ನು ಹಿಡಿಯಬಹುದು ಅಂತ ಬಿಎನ್‌ಎಸ್‌ಎಸ್‌ನ 40ನೇ ಸೆಕ್ಷನ್ ಹೇಳುತ್ತದೆ. ಆದರೆ ಅದಕ್ಕೆ ಗೆರೆಗಳಿವೆ. ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧವಾಗಿರಬೇಕು. ಹಿಡಿದವನನ್ನು ತಡಮಾಡದೆ, ಏನೇ ಆದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಸಲ ಶಿಕ್ಷೆಗೆ ಒಳಗಾಗುವವನು ಅದನ್ನು ವಾಪಸ್ ಕೊಟ್ಟರೆ ಹೊಸ ಕಾನೂನಿನಲ್ಲಿ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಂಥ ಕಳ್ಳತನವನ್ನು ಜಾಮೀನು ಸಿಗುವ, ವಾರಂಟ್ ಇಲ್ಲದೆ ಬಂಧಿಸಲಾಗದ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಸೂಪರ್ ಮಾರ್ಕೆಟ್‌ನಲ್ಲಿ ಶಾಂಪೂ ಬಾಟಲಿ ಕದ್ದ ಹುಡುಗನನ್ನು ಗೋಡೌನ್‌ನಲ್ಲಿ ಕೂಡಿ ಹಾಕುವವರು ತಾವೇ ಕೇಸಿನಲ್ಲಿ ಸಿಕ್ಕಿಕೊಳ್ಳಬಹುದು.

ನಿಮ್ಮ ಅಥವಾ ಇನ್ನೊಬ್ಬರ ವಸ್ತುವನ್ನು ಕಾಪಾಡಲು ಬಲ ಬಳಸುವ ಹಕ್ಕನ್ನು ಕಾನೂನು ಒಪ್ಪುತ್ತದೆ. ಆದರೆ ಬೇಕಾದಷ್ಟೇ ಬಲ, ಬೇಕಾದಷ್ಟೇ ಹೊತ್ತು. ವಸ್ತು ಕೈಗೆ ವಾಪಸ್ ಬಂದ ಮೇಲೆ, ಅವನು ನೆಲದ ಮೇಲೆ ಕೂತ ಮೇಲೆ ಬೀಳುವ ಒಂದೊಂದು ಏಟೂ ಅಪರಾಧ. ಅದನ್ನು ಧರ್ಮದೇಟು ಅನ್ನುವ ರೂಢಿ ನನಗೆ ತುಂಬಾ ಸಂಕಟ ತರುತ್ತದೆ.

ಕೇರಳದ ಅಟ್ಟಪ್ಪಾಡಿಯಲ್ಲಿ 2018ರ ಫೆಬ್ರವರಿಯಲ್ಲಿ ಅಕ್ಕಿ, ದಿನಸಿ ಕದ್ದ ಅಂತ ಒಬ್ಬ ಆದಿವಾಸಿ ಯುವಕನನ್ನು ಜನ ಕೈ ಕಟ್ಟಿ ಹೊಡೆದರು. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡವರೂ ಇದ್ದರು. ಆತ ಸತ್ತ. ಐದು ವರ್ಷದ ಮೇಲೆ, 2023ರ ಏಪ್ರಿಲ್‌ನಲ್ಲಿ, ಕೋರ್ಟ್ 14 ಜನರನ್ನು ತಪ್ಪಿತಸ್ಥರು ಅಂತ ತೀರ್ಮಾನಿಸಿ, 13 ಜನರಿಗೆ ಏಳು ವರ್ಷದ ಜೈಲು ವಿಧಿಸಿತು. ಅವರಲ್ಲಿ ಯಾರೂ ಬೆಳಗ್ಗೆ ಕೊಲೆಗಾರರಾಗಬೇಕು ಅಂತ ಮನೆಯಿಂದ ಹೊರಟವರಲ್ಲ.

ನೀವು ನೋಡುವಾಗ ಜನ ಹೊಡೆಯಲು ಶುರು ಮಾಡಿದರೆ, ಆ ಕ್ಷಣದಿಂದ ಕಾಪಾಡಬೇಕಾದವನು ಏಟು ತಿನ್ನುತ್ತಿರುವವನು. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ "ಜನ ಹೊಡೀತಿದ್ದಾರೆ, ಜೀವಕ್ಕೆ ಅಪಾಯ ಇದೆ" ಅಂತಲೇ ಹೇಳಿ. ಒಬ್ಬರೇ ನಡುವೆ ನುಗ್ಗಬೇಡಿ. ಅಲ್ಲಿರುವ ಹಿರಿಯರು, ಅಂಗಡಿಯವರು, ಆಟೋದವರು, ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡು "ಪೊಲೀಸರು ಬರ್ತಿದ್ದಾರೆ, ಕೂರಿಸಿ, ಕೂರಿಸಿ" ಅನ್ನಿ. ಕೂತ ಮನುಷ್ಯನ ಮೇಲೆ ಕೈ ಎತ್ತುವುದು ನಿಂತವನ ಮೇಲೆ ಎತ್ತಿದಷ್ಟು ಸಲೀಸಲ್ಲ. ಕುಡಿಯಲು ನೀರು ಕೊಡಿ.

ಇನ್ನು ಬೈಕಿನಲ್ಲಿ ಬಂದ ಸರಗಳ್ಳರ ಹಿಂದೆ ಗಾಡಿ ಓಡಿಸಬೇಡಿ. ಅವರ ಬಳಿ ಚಾಕು ಇರಬಹುದು, ದಾರಿಯಲ್ಲಿ ಹೋಗುವ ಮಗುವಿಗೆ ನಿಮ್ಮ ಗಾಡಿಯೇ ಗುದ್ದಬಹುದು. ಹೋದ ಸರಕ್ಕಿಂತ ದೊಡ್ಡ ನಷ್ಟ ಅದು. ಸರ ಕಿತ್ತ ರಭಸಕ್ಕೆ ಆ ಹೆಂಗಸು ರಸ್ತೆಗೆ ಬಿದ್ದಿರುತ್ತಾರೆ. ನೀವು ಅವರ ಹತ್ತಿರ ಇರಬೇಕು.

ಹಂತ 4: ಕರೆ ಮಾಡುವುದು ಹೇಗೆ

1968ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಡಾರ್ಲಿ ಮತ್ತು ಲಟಾನೆ, ಒಂದು ಪ್ರಯೋಗ ಮಾಡಿದರು. ಕೋಣೆಯೊಳಗೆ ಹೊಗೆ ಬಿಟ್ಟಾಗ, ಒಬ್ಬರೇ ಕೂತಿದ್ದವರಲ್ಲಿ ನೂರಕ್ಕೆ 75 ಜನ ಹೊರಗೆ ಬಂದು ತಿಳಿಸಿದರು. ಮೂವರು ಒಟ್ಟಿಗೆ ಕೂತಿದ್ದಾಗ, ಅವರಲ್ಲಿ ಒಬ್ಬರಾದರೂ ತಿಳಿಸಿದ್ದು ನೂರಕ್ಕೆ 38 ಗುಂಪುಗಳಲ್ಲಿ ಮಾತ್ರ. ಬೇರೆಯವರು ಸುಮ್ಮನಿದ್ದಾರಲ್ಲ ಅಂತ ಪ್ರತಿಯೊಬ್ಬರೂ ಸುಮ್ಮನಾದರು.

ಹಾಗಾಗಿ "ಯಾರಾದ್ರೂ ಪೊಲೀಸರಿಗೆ ಫೋನ್ ಮಾಡಿ" ಅಂತ ಕೂಗಿದರೆ ಯಾರೂ ಮಾಡದೇ ಹೋಗಬಹುದು. ಒಬ್ಬರನ್ನು ನೋಡಿ, ಗುರುತಿಟ್ಟು ಹೇಳಿ: "ನೀಲಿ ಶರ್ಟ್ ಅಣ್ಣ, ನೀವು 112ಕ್ಕೆ ಫೋನ್ ಮಾಡಿ. ಅಕ್ಕಾ, ನೀವು ಇವರ ಜೊತೆ ಕೂತ್ಕೊಳ್ಳಿ." ಅಥವಾ ನೀವೇ ಮಾಡಿ.

ಕರೆಯಲ್ಲಿ ಮೊದಲು ಜಾಗ ಹೇಳಿ. ಗಾಬರಿಯಲ್ಲಿ ಕಥೆ ಮೊದಲು ಬರುತ್ತದೆ, ಜಾಗ ಕೊನೆಗೆ. ನಡುವೆ ಲೈನ್ ಕಟ್ಟಾದರೂ ಜಾಗ ಅವರಿಗೆ ಸಿಕ್ಕಿರಬೇಕು. "ಜಯನಗರ" ಅಂದರೆ ಸಾಲದು. ಬ್ಲಾಕ್, ಅಡ್ಡರಸ್ತೆ, ಹತ್ತಿರದ ದೇವಸ್ಥಾನ ಅಥವಾ ಹೋಟೆಲ್ ಹೆಸರು ಹೇಳಿ. ಆಮೇಲೆ ಏನಾಯಿತು, ಯಾರಿಗಾದರೂ ಪೆಟ್ಟಾಗಿದೆಯಾ, ಅವರು ಯಾವ ಕಡೆ ಹೋದರು, ಬೈಕ್ ನಂಬರ್. ನಂಬರ್ ಪೂರ್ತಿ ಕಾಣದಿದ್ದರೆ ಕಂಡ ಎರಡು ಅಂಕಿ ಹೇಳಿ, ಉಳಿದದ್ದನ್ನು ಊಹಿಸಬೇಡಿ. ಬೆಂಗಳೂರಿನಲ್ಲಾದರೆ ಹೊಯ್ಸಳ ಅನ್ನುವ ಪೊಲೀಸ್ ಗಸ್ತು ಗಾಡಿ ಬರುತ್ತದೆ. ರೈಲಿನಲ್ಲಿ ನಡೆದದ್ದಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

ಹಂತ 5: ಕಳೆದುಕೊಂಡವರ ಜೊತೆ ಹದಿನೈದು ನಿಮಿಷ

ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಪರ್ಸ್ ಹೋದವರ ಹತ್ತಿರ ಊರಿಗೆ ಹೋಗಲು ಬಸ್ ಚಾರ್ಜ್ ಕೂಡ ಇರುವುದಿಲ್ಲ. ಮೊಬೈಲ್ ಹೋದವರಿಗೆ ಮನೆಯವರ ನಂಬರ್ ಬಾಯಿಗೆ ಬರುವುದಿಲ್ಲ. "ನೀವು ಸ್ವಲ್ಪ ಹುಷಾರಾಗಿರ್ಬೇಕಿತ್ತು" ಅನ್ನಬೇಡಿ, ಅದನ್ನು ಅವರು ಆಗಲೇ ತಮಗೆ ತಾವೇ ಹೇಳಿಕೊಂಡಿರುತ್ತಾರೆ.

ನಿಮ್ಮ ಫೋನ್ ಕೊಡಿ. ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ ನಿಲ್ಲಿಸಲಿ. ನಂತರ ಸಿಮ್ ನಿಲ್ಲಿಸಲಿ. ಒಟಿಪಿ ಬರುವುದು ಆ ಸಿಮ್‌ಗೇ. ದೂರು ಕೊಟ್ಟ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಬೇರೆ ಬೇರೆ ಗುರುತು ಸಂಖ್ಯೆ) ಹಾಕಿ ಹ್ಯಾಂಡ್‌ಸೆಟ್ಟನ್ನೇ ಬ್ಲಾಕ್ ಮಾಡಿಸಬಹುದು. ಆ ನಂಬರ್ ಫೋನಿನ ಡಬ್ಬಿಯ ಮೇಲೆ, ಬಿಲ್ಲಿನಲ್ಲಿ ಇರುತ್ತದೆ. ನಿಮ್ಮ ಹೆಸರು, ನಂಬರ್ ಚೀಟಿಯಲ್ಲಿ ಬರೆದುಕೊಡಿ. "ಸಾಕ್ಷಿ ಬೇಕಾದರೆ ಕರೆಯಿರಿ" ಅಂತ ಹೇಳಿದರೆ ಅವರಿಗೆ ಬರುವ ಧೈರ್ಯವೇ ಬೇರೆ.

ಹಂತ 6: ಮರೆಯುವ ಮುಂಚೆ ಬರೆದಿಡಿ

ನೆನಪು ಬೇಗ ಬಣ್ಣ ಬದಲಿಸುತ್ತದೆ. ಪಕ್ಕದವರು "ಕೆಂಪು ಟೀ ಶರ್ಟ್" ಅಂದರೆ ನಿಮಗೂ ಕೆಂಪೇ ಕಂಡ ಹಾಗೆ ಆಗುತ್ತದೆ. ಹಾಗಾಗಿ ಬೇರೆಯವರ ಜೊತೆ ಚರ್ಚೆ ಮಾಡುವ ಮುಂಚೆ ನಿಮ್ಮ ಫೋನಿನಲ್ಲೋ ಟಿಕೆಟ್ಟಿನ ಹಿಂದೆಯೋ ಬರೆದುಕೊಳ್ಳಿ. ಸಮಯ, ಬಸ್ ರೂಟ್ ನಂಬರ್, ನೀವು ಎಲ್ಲಿ ನಿಂತಿದ್ದಿರಿ, ಬೆಳಕು ಹೇಗಿತ್ತು. ಬಟ್ಟೆ ಬದಲಾಯಿಸಬಹುದು, ಆದ್ದರಿಂದ ಸುಲಭವಾಗಿ ಬದಲಾಗದ ಗುರುತಿಗೆ ಗಮನ ಕೊಡಿ: ಕುಂಟುವ ನಡಿಗೆ, ಕೈ ಮೇಲಿನ ಹಚ್ಚೆ, ಗಾಯದ ಕಲೆ, ಚಪ್ಪಲಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಅಂತಲೇ ಬರೆಯಿರಿ. ಆಗಲೇ ಬರೆದಿಟ್ಟ ಇಂಥ ಟಿಪ್ಪಣಿಯನ್ನು ಮುಂದೆ ಕೋರ್ಟಿನಲ್ಲಿ ನೆನಪು ಮಾಡಿಕೊಳ್ಳಲು ನೋಡಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ.

ವಿಡಿಯೋ ತೆಗೆದಿದ್ದರೆ ಅದನ್ನು ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ಮೂಲ ಫೈಲ್ ಅಳಿಸಬೇಡಿ. ಡಿಜಿಟಲ್ ಸಾಕ್ಷ್ಯದ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ತನಿಖಾಧಿಕಾರಿ ಕೇಳುತ್ತಾರೆ.

ಅದನ್ನು ಗ್ರೂಪಿಗೆ ಹಾಕಬೇಡಿ, ದಯವಿಟ್ಟು. ತಪ್ಪು ಮನುಷ್ಯನಾಗಿದ್ದರೆ ಅವನ ಬದುಕು ಹಾಳು. ನಿಜವಾದ ಕಳ್ಳನೇ ಆಗಿದ್ದರೂ ಕೇಸಿಗೆ ಪೆಟ್ಟು. ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ಗುರುತಿಸಲು ಹೇಳುವ ಗುರುತು ಪತ್ತೆ ಪರೇಡ್ ಮಾಡುವಾಗ ಸಾಕ್ಷಿಗಳು ಮೊದಲೇ ಅವನ ಫೋಟೋ ನೋಡಿದ್ದರೆ, ಆ ಗುರುತಿಸುವಿಕೆಗೆ ಬೆಲೆ ಉಳಿಯುವುದಿಲ್ಲ. ವಕೀಲರು ಮೊದಲು ಕೇಳುವುದೇ ಅದನ್ನು.

ಕದ್ದದ್ದು ಮಗುವಾದರೆ, ಹಸಿದವರಾದರೆ

ಏಳು ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನ ಕಣ್ಣಿಗೆ ಅಪರಾಧವೇ ಅಲ್ಲ. ಹದಿನೆಂಟರೊಳಗಿನವರಿಗೆ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಅವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಅವರ ಹೆಸರು, ಮುಖ ಹೊರಗೆ ಬಿಡುವಂತಿಲ್ಲ. ಮಗುವನ್ನು ಕಳ್ಳತನಕ್ಕೆ ಯಾರಾದರೂ ದೊಡ್ಡವರು ಹಚ್ಚಿರಬಹುದು, ಅದು ಬೇರೆಯೇ ಅಪರಾಧ. ಇಂಥ ಹೊತ್ತಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ಒಳ್ಳೆಯದು.

ಅಂಗಡಿಯಲ್ಲಿ ಯಾರೋ ಬ್ರೆಡ್ಡು, ಹಾಲಿನ ಪುಡಿ ಸೀರೆಯೊಳಗೆ ಸೇರಿಸಿದ್ದು ಕಂಡರೆ? ನನ್ನ ಅಭಿಪ್ರಾಯ ಹೇಳುತ್ತೇನೆ. ಅಂಗಡಿಯವರ ಹತ್ತಿರ ಹೋಗಿ ಮೆಲ್ಲಗೆ, "ಅದರ ದುಡ್ಡು ನಾನು ಕೊಡ್ತೀನಿ, ಬಿಟ್ಟುಬಿಡಿ" ಅನ್ನಿ. ವಸ್ತು ಅವರದ್ದು, ತೀರ್ಮಾನವೂ ಅವರದ್ದೇ. ಅವರು ಒಪ್ಪದಿದ್ದರೆ ಜಗಳ ಬೇಡ. ಆದರೆ ಬಹಳಷ್ಟು ಅಂಗಡಿಯವರು ಒಪ್ಪುತ್ತಾರೆ ಅಂತ ನಾನು ನಂಬುತ್ತೇನೆ.

ಗೊತ್ತಿರುವವರೇ ಕದ್ದರೆ

ಹಳ್ಳಿಯಲ್ಲಿ ಇದೇ ಕಷ್ಟದ ಪ್ರಶ್ನೆ. ತೋಟದಿಂದ ಅಡಿಕೆ ಗೊನೆ ಇಳಿಸಿದವನು, ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿದವನು ನಾಳೆ ಬೆಳಗ್ಗೆ ಅದೇ ಟೀ ಅಂಗಡಿಯಲ್ಲಿ ಎದುರು ಕೂರುತ್ತಾನೆ. ಸಣ್ಣ ಕಳ್ಳತನ ಕಂಡವರೆಲ್ಲ ಪೊಲೀಸರಿಗೆ ಹೇಳಲೇಬೇಕು ಅಂತ ಕಾನೂನಿನ ಕಟ್ಟಳೆ ಇಲ್ಲ. ಆದರೆ ತೋಟದವರಿಗೆ ಹೇಳದಿರುವುದು ಸರಿಯಲ್ಲ. ಅವರನ್ನು ಒಬ್ಬರೇ ಇರುವಾಗ ಭೇಟಿಯಾಗಿ, "ಮಂಗಳವಾರ ರಾತ್ರಿ ಇಂಥವನು ನಿಮ್ಮ ಬೇಲಿ ದಾಟಿ ಮೂಟೆ ಹೊತ್ತು ಹೋದದ್ದನ್ನು ನೋಡಿದೆ" ಅಂತ ಕಂಡಷ್ಟೇ ಹೇಳಿ. "ಹಿಂದಿನ ಸಲದ್ದೂ ಅವನೇ ಇರಬೇಕು" ಅಂತ ಸೇರಿಸಬೇಡಿ. ದೂರು ಕೊಡುವುದೋ, ಕರೆಸಿ ಮಾತಾಡುವುದೋ ಅವರಿಗೆ ಬಿಟ್ಟದ್ದು. ಹೆದರಿಕೆ ಇದ್ದರೆ ನಿಮ್ಮ ಬೀಟ್ ಕಾನ್‌ಸ್ಟೆಬಲ್‌ಗೆ ಗುಟ್ಟಾಗಿ ತಿಳಿಸಬಹುದು.

ಹಂತ 7: ಸ್ಟೇಷನ್ನು, ಹೇಳಿಕೆ, ಕೋರ್ಟು

ಯಾವ ಠಾಣೆಯ ವ್ಯಾಪ್ತಿ ಅನ್ನುವ ಚಿಂತೆ ಬೇಡ. ಬಿಎನ್‌ಎಸ್‌ಎಸ್ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ಇದೇ ಝೀರೋ ಎಫ್‌ಐಆರ್. ಇಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು 14 ದಿನದವರೆಗೆ ಪ್ರಾಥಮಿಕ ವಿಚಾರಣೆ ಮಾಡಲು ಈಗ ಅವಕಾಶವಿದೆ. ಹಾಗಾಗಿ ಅವತ್ತೇ ಎಫ್‌ಐಆರ್ ಆಗದಿದ್ದರೆ ದೂರು ಸ್ವೀಕರಿಸಿದ ರಸೀದಿ ಕೇಳಿ ಪಡೆಯಿರಿ. ಠಾಣೆಯಲ್ಲಿ ದೂರನ್ನೇ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ ಬರಹದಲ್ಲಿ ಕಳಿಸಬಹುದು.

ಸಾಕ್ಷಿಯಾಗಿ ಹೇಳಿಕೆ ಕೊಡುವಾಗ ಒಂದು ವಿಷಯ ತಿಳಿದಿರಲಿ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ಬರೆದದ್ದನ್ನು ಓದಿ ಹೇಳಿ ಅಂತ ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಹೇಳಿಕೆಗಾಗಿ ಠಾಣೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ. ಪೊಲೀಸರೇ ಅವರಿರುವಲ್ಲಿಗೆ ಬರಬೇಕು.

ಯಾರಾದರೂ ಹೆದರಿಸಿದರೆ ಕರೆ ಬಂದ ನಂಬರ್, ದಿನ, ಸಮಯ ಇಟ್ಟುಕೊಂಡು ತನಿಖಾಧಿಕಾರಿಗೆ ಬರಹದಲ್ಲಿ ತಿಳಿಸಿ. ಸಾಕ್ಷಿಗಳ ರಕ್ಷಣೆಯ ಯೋಜನೆಯೊಂದಕ್ಕೆ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ.

ಕೋರ್ಟಿನಿಂದ ಸಮನ್ಸ್ ಬರುವಷ್ಟರಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದಿರುತ್ತವೆ. ಬಂದ ಸಮನ್ಸನ್ನು ಕಡೆಗಣಿಸಬೇಡಿ, ವಾರಂಟ್ ಆಗಬಹುದು. ಆ ದಿನ ಬರಲಾಗದಿದ್ದರೆ ಮುಂಚೆಯೇ ಸರ್ಕಾರಿ ವಕೀಲರಿಗೆ ತಿಳಿಸಿ. ದೂರದ ಊರಿನಲ್ಲಿದ್ದರೆ ವಿಡಿಯೋ ಮೂಲಕ ಸಾಕ್ಷಿ ಹೇಳಲು ಅವಕಾಶ ಕೇಳಿ. ಬಂದು ಹೋಗುವ ಖರ್ಚಿಗೆ ಸಾಕ್ಷಿ ಭತ್ಯೆ ಕೊಡಿಸಲು ಕಾನೂನಿನಲ್ಲಿ ದಾರಿಯಿದೆ, ಸಾಕ್ಷಿ ಹೇಳಿದ ದಿನವೇ ಕೋರ್ಟಿನ ಸಿಬ್ಬಂದಿಯನ್ನು ಕೇಳಿ. ಕಟಕಟೆಯಲ್ಲಿ ನಿಂತಾಗ ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಲು ಹೇಳಿ. ನೆನಪಿಲ್ಲದ್ದಕ್ಕೆ "ನೆನಪಿಲ್ಲ ಸ್ವಾಮಿ" ಅನ್ನಿ. ಬರೆದಿಟ್ಟ ಟಿಪ್ಪಣಿಯನ್ನು ಆ ದಿನ ಜೊತೆಗೆ ಒಯ್ಯಿರಿ.